ಹೇಳಿಕೊಡಬೇಕಾ, ಕೇಳಬೇಕಾ, ಮಾಡಿಸಬೇಕಾ? ಹೊಸ ಟೀಚರುಗಳು ಪಾಠದ ವಿಧಾನ ಆರಿಸಿಕೊಳ್ಳುವ ಬಗೆ

ಕೆಲಸಕ್ಕೆ ಸೇರಿ ಎರಡು ಮೂರು ತಿಂಗಳಾದ ಟೀಚರುಗಳು ಸಿಕ್ಕಾಗಲೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. ‘ತರಬೇತಿಯಲ್ಲಿ ಚಟುವಟಿಕೆ ಮಾಡಿಸಿ ಅಂದ್ರು. ಸ್ಟಾಫ್ ರೂಮಿನಲ್ಲಿ ಹಿರಿಯರು, ಅದೆಲ್ಲ ಆಗೋ ಮಾತಲ್ಲ, ಬೋರ್ಡ್ ಮೇಲೆ ಬರೆದು ಪಾಠ ಮುಗಿಸಿ ಅಂತಾರೆ. ವಿಡಿಯೊ ನೋಡಿದರೆ ಎಲ್ಲರೂ ಪ್ರಾಜೆಕ್ಟ್ ಮಾಡಿಸ್ತಿದ್ದಾರೆ. ನಾನು ಯಾವುದನ್ನು ಹಿಡಿಯಲಿ?’

ಗೊಂದಲ ಆಗುವುದು ಸಹಜ. ಒಂದೊಂದು ವಿಧಾನಕ್ಕೂ ಅದರದೇ ಭಕ್ತರಿದ್ದಾರೆ. ಅವರ ಜಗಳ ಅವರಿಗಿರಲಿ. ನಾಳೆ ಮೂರನೇ ಪೀರಿಯಡ್ಡಿಗೆ ಯಾವುದು ಹೊಂದುತ್ತದೆ ಅಂತ ಮಾತ್ರ ನೋಡೋಣ. ಇಲ್ಲಿ ನನ್ನ ಕಣ್ಣ ಮುಂದಿರುವುದು 11ರಿಂದ 16 ವರ್ಷದ ಮಕ್ಕಳು. ಇನ್ನೂ ಚಿಕ್ಕವರ ಲೆಕ್ಕ ಬೇರೆ, ಕಾಲೇಜಿನವರದು ಬೇರೆ.

ಮೊದಲು ಅಳತೆಗೋಲು

ನನ್ನ ಮೊದಲ ವರ್ಷದಲ್ಲಿ ಋಣಸಂಖ್ಯೆಗಳ ಪಾಠ ಬಂತು. ನಾಲ್ಕರಿಂದ ಋಣ ಮೂರನ್ನು ಕಳೆದರೆ ಏಳು ಯಾಕೆ ಬರುತ್ತದೆ ಅಂತ ಸಂಖ್ಯಾರೇಖೆ ಎಳೆದೆ, ಸಾಲ ಮನ್ನಾ ಮಾಡುವ ಉದಾಹರಣೆ ಕೊಟ್ಟೆ, ಪೂರ್ತಿ ನಲವತ್ತು ನಿಮಿಷ ಮಾತಾಡಿದೆ. ಕೊನೆಗೆ ‘ಅರ್ಥ ಆಯ್ತಾ?’ ಅಂದೆ. ‘ಆಯ್ತು ಮಿಸ್’ ಅಂತ ಇಡೀ ಕ್ಲಾಸು ರಾಗವಾಗಿ ಹೇಳಿತು. ಮಾರನೇ ದಿನ ನೋಟ್‌ಬುಕ್ ತೆರೆದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು 4 − (−3) = 1 ಅಂತ ಬರೆದಿದ್ದರು. ಒಬ್ಬ ಹುಡುಗ ಮೊದಲು 7 ಬರೆದು, ಅದನ್ನು ಹೊಡೆದುಹಾಕಿ, ಪಕ್ಕದವನ ಹಾಗೇ 1 ಮಾಡಿದ್ದ.

ನಾನು ಮಾತಾಡಿದ್ದೇ ತಪ್ಪು ಅಂತ ಆಗ ಅಂದುಕೊಂಡೆ. ಈಗ ಹಾಗನ್ನಿಸುವುದಿಲ್ಲ. ಆ ನಲವತ್ತು ನಿಮಿಷದಲ್ಲಿ ಒಂದೇ ಒಂದು ಸಲ ಅವರ ಕೈಯಲ್ಲಿ ಲೆಕ್ಕ ಮಾಡಿಸಿ ನೋಡಲಿಲ್ಲ, ಎಡವಿದ್ದು ಅಲ್ಲಿ. ಅವತ್ತಿನಿಂದ ಯಾವ ವಿಧಾನವೇ ಆಗಲಿ, ನಾಲ್ಕು ಪ್ರಶ್ನೆ ಹಾಕಿಕೊಂಡು ತೂಗುತ್ತೇನೆ.

ಈ ವಿಷಯ ಮಕ್ಕಳಿಗೆ ಎಷ್ಟು ಹೊಸದು? ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಹೊಸ ಸಂಗತಿಗಳನ್ನು ಒಟ್ಟೊಟ್ಟಿಗೆ ಹಿಡಿದಿಟ್ಟುಕೊಳ್ಳಲು ನಮ್ಮ ತಲೆಯಲ್ಲಿರುವ ಜಾಗ ತೀರಾ ಚಿಕ್ಕದು. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಸುಮಾರು ಏಳು ಅಂದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು. ಏನೂ ಗೊತ್ತಿಲ್ಲದ ಮಗುವಿಗೆ ‘ನೀನೇ ಹುಡುಕು’ ಅಂದರೆ ಹುಡುಕಾಟಕ್ಕೇ ಆ ಜಾಗವೆಲ್ಲ ಖರ್ಚಾಗುತ್ತದೆ. ಆಗಲೇ ಗೊತ್ತಿರುವ ಮಗುವಿಗೆ ಒಂದೊಂದೇ ಹೆಜ್ಜೆ ಬಿಡಿಸಿ ಹೇಳುತ್ತಾ ಕೂತರೆ ಅದಕ್ಕೆ ಬರೀ ಕಿರಿಕಿರಿ.

ಕ್ಲಾಸಿನಲ್ಲಿ ನಿಜವಾಗಿ ಯೋಚಿಸುತ್ತಿರುವವರು ಎಷ್ಟು ಜನ, ಅದು ನನಗೆ ಗೊತ್ತಾಗುತ್ತದಾ? ಒಬ್ಬ ಹುಡುಗಿ ಕೈ ಎತ್ತಿ ಸರಿ ಉತ್ತರ ಹೇಳಿದರೆ ಒಬ್ಬಳಿಗೆ ಗೊತ್ತಿದೆ ಅಂತಷ್ಟೇ ಅರ್ಥ.

ತಯಾರಿಗೆ ಎಷ್ಟು ಹೊತ್ತು ಬೇಕು? ಹೊಸ ಟೀಚರಿಗೆ ಹಣಕ್ಕಿಂತ ಮೊದಲು ಮುಗಿಯುವುದು ಸಂಜೆಗಳು. ದಿನಕ್ಕೆ ಐದು ಪೀರಿಯಡ್ ಇದ್ದು, ಒಂದೊಂದಕ್ಕೂ ಎರಡು ಗಂಟೆ ತಯಾರಿ ಬೇಡುವ ವಿಧಾನ ಎಷ್ಟೇ ಚೆನ್ನಾಗಿದ್ದರೂ ಎರಡನೇ ವಾರಕ್ಕೆ ಮುರಿದುಬೀಳುತ್ತದೆ.

ಕೈತಪ್ಪಿದರೆ ಏನಾಗುತ್ತದೆ? ಕೆಲವು ವಿಧಾನಗಳು ಕೆಟ್ಟರೆ ಒಂದು ಪೀರಿಯಡ್ ಬೇಸರವಾಗುತ್ತದೆ, ಅಷ್ಟೇ. ಕೆಲವು ಕೆಟ್ಟರೆ ಪಕ್ಕದ ಕ್ಲಾಸಿನವರು ಬಾಗಿಲು ತಟ್ಟುತ್ತಾರೆ.

‘ಮಕ್ಕಳಿಗೆ ಖುಷಿಯಾಗುತ್ತದಾ’ ಅನ್ನುವುದನ್ನು ಬೇಕಂತಲೇ ಬಿಟ್ಟಿದ್ದೇನೆ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳ ಮೇಲೆ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ತಾವೇ ಲೆಕ್ಕ ಬಿಡಿಸುತ್ತಾ ಕಲಿತವರು ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಕಡಿಮೆ ಕಲಿತೆವು ಅಂತ ಅವರಿಗೇ ಅನಿಸಿತ್ತು. ಸೊಗಸಾದ ಉಪನ್ಯಾಸ ಕೇಳಿದವರಿಗೆ ಇದರ ತಿರುವುಮುರುವು. ಅವರು ಕಾಲೇಜಿನವರು, ಒಪ್ಪುತ್ತೇನೆ. ಆದರೆ ‘ಆಯ್ತು ಮಿಸ್’ ಕೇಳಿದವಳಿಗೆ ಇದು ಹೊಸ ಸುದ್ದಿಯಲ್ಲ.

‘ಈ ಮಗು ನೋಡಿ ಕಲಿಯುತ್ತೆ, ಆ ಮಗು ಕೇಳಿ ಕಲಿಯುತ್ತೆ, ಅದಕ್ಕೆ ತಕ್ಕ ಹಾಗೆ ಪಾಠ ಮಾಡಿ’ ಅನ್ನುವ ಮಾತನ್ನೂ ಅಳತೆಗೋಲಿಗೆ ಸೇರಿಸಿಲ್ಲ. ಅದಕ್ಕೆ ಗಟ್ಟಿ ಆಧಾರ ಇದೆಯಾ ಅಂತ 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಜೊತೆಗಾರರು ಹುಡುಕಿ ನೋಡಿದರು. ಸಾಕಷ್ಟು ಆಧಾರ ಸಿಗಲಿಲ್ಲ. ನಿಮ್ಮ ಸಂಜೆಗಳನ್ನು ಅದಕ್ಕೆ ಸುರಿಯಬೇಡಿ.

ಹೇಳಿಕೊಡುವುದು

ನೇರವಾಗಿ ಹೇಳಿಕೊಡುವುದು ಅಂದರೆ ಭಾಷಣ ಅಂತ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದು ಮುಗ್ಗರಿಸಿದ್ದು. ಇದರ ಒಳ್ಳೆಯ ರೂಪ ಹೀಗಿರುತ್ತದೆ: ನಾನು ಮಾಡಿ ತೋರಿಸುತ್ತೇನೆ, ಆಮೇಲೆ ಒಟ್ಟಿಗೆ ಮಾಡೋಣ, ಆಮೇಲೆ ನೀನೊಬ್ಬನೇ ಮಾಡು. ಅಮೆರಿಕದ ಬರಾಕ್ ರೋಸೆನ್‌ಶೈನ್ 2012ರಲ್ಲಿ ಇದನ್ನೆಲ್ಲ ಹತ್ತು ಸೂತ್ರಗಳಾಗಿ ಜೋಡಿಸಿಟ್ಟರು. ಹಿಂದಿನ ಪಾಠ ನೆನಪಿಸಿ ಶುರುಮಾಡಿ. ಹೊಸದನ್ನು ಚಿಕ್ಕ ಚಿಕ್ಕ ತುಂಡಾಗಿ ಕೊಡಿ. ಪ್ರತಿ ತುಂಡಿಗೂ ಅಭ್ಯಾಸ ಇರಲಿ. ತುಂಬಾ ಪ್ರಶ್ನೆ ಕೇಳಿ. ಅವರು ಹೇಳುವ ಒಂದು ಅಂಕಿ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಜೊತೆಯಲ್ಲಿ ಅಭ್ಯಾಸ ಮಾಡುವಾಗ ನೂರಕ್ಕೆ 80ರಷ್ಟು ಉತ್ತರ ಸರಿ ಬರುತ್ತಿರಬೇಕು. ಅದಕ್ಕಿಂತ ತೀರಾ ಕಡಿಮೆಯಾದರೆ ಮಕ್ಕಳು ತಪ್ಪನ್ನೇ ರೂಢಿ ಮಾಡಿಕೊಳ್ಳುತ್ತಿದ್ದಾರೆ ಅಂತ ಅರ್ಥ.

ಋಣಸಂಖ್ಯೆಯ ಅದೇ ಪಾಠವನ್ನು ಮರುವರ್ಷ ಮಾಡಿದ್ದು ಹೀಗೆ. ಮೊದಲ ಐದು ನಿಮಿಷ ಹಳೆಯ ನಾಲ್ಕು ಲೆಕ್ಕ. ಆಮೇಲೆ ಬೋರ್ಡ್ ಮೇಲೆ ಒಂದೇ ಲೆಕ್ಕ. ಮಾಡುವಾಗ ನನ್ನ ತಲೆಯಲ್ಲಿ ಏನು ಓಡುತ್ತಿದೆ ಅಂತ ಬಾಯಿಬಿಟ್ಟು ಹೇಳಿದೆ: ‘ಇಲ್ಲಿ ಎರಡು ಕಳೆಯುವ ಗುರುತು ಕಾಣ್ತಿವೆ. ಒಂದು ಗುರುತು ‘ಕಳೆ’ ಅನ್ನುತ್ತೆ, ಇನ್ನೊಂದು ಸಂಖ್ಯೆಯ ಹೆಸರಿನ ಭಾಗ. ಎರಡನ್ನೂ ಒಂದೇ ಅಂದುಕೊಂಡರೆ ಕೆಟ್ಟೆ.’ ಎರಡನೇ ಲೆಕ್ಕದಲ್ಲಿ ಅರ್ಧ ನನ್ನದು, ಅರ್ಧ ಅವರದು. ಆಮೇಲೆ ಮೂರು ಲೆಕ್ಕ ಕೊಟ್ಟು, ಉತ್ತರವನ್ನು ದೊಡ್ಡದಾಗಿ ಬರೆದು ಪುಸ್ತಕ ಎತ್ತಿ ತೋರಿಸಲು ಹೇಳಿದೆ. ಎಲ್ಲಿ 1 ಕಾಣಿಸುತ್ತಿದೆ, ಎಲ್ಲಿ 7 ಅಂತ ನಿಂತಲ್ಲೇ ಗೊತ್ತಾಯಿತು. ಒಟ್ಟು ನಾನು ಮಾತಾಡಿದ್ದು ಹದಿನೈದು ನಿಮಿಷವೂ ಇರಲಿಕ್ಕಿಲ್ಲ.

ತೂಕಕ್ಕೆ ಹಾಕಿದರೆ, ಹೊಸ ವಿಷಯಕ್ಕೆ ಇದನ್ನು ಮೀರಿಸುವುದು ಕಷ್ಟ. ಅರವತ್ತು ಮಕ್ಕಳಿದ್ದರೂ ನಡೆಯುತ್ತದೆ. ಸಾಮಾನು ಬೇಡ. ತಯಾರಿಯ ಹೆಚ್ಚಿನ ಪಾಲು ಸರಿಯಾದ ಉದಾಹರಣೆ ಆರಿಸುವುದಕ್ಕೇ ಹೋಗುತ್ತದೆ. ಕೈತಪ್ಪುವ ಭಯವೂ ಕಡಿಮೆ. ಇದರ ರೋಗ ಒಂದೇ: ಸುಸ್ತಾದ ದಿನ ಗೊತ್ತಿಲ್ಲದ ಹಾಗೆ ಭಾಷಣವಾಗಿಬಿಡುತ್ತದೆ. ಇನ್ನೊಂದು ಕೊರತೆಯೂ ಇದೆ. ಪದ್ಯವೊಂದನ್ನು ನನ್ನ ಹಾಗೇ ಓದಿಕೊಳ್ಳಿ ಅಂತ ಹೇಳಿಕೊಡಲಾಗದು. ಸರಿ ಉತ್ತರ ಒಂದಕ್ಕಿಂತ ಹೆಚ್ಚಿರುವ ಕಡೆ ಈ ವಿಧಾನ ಬೇಗ ಒಣಗುತ್ತದೆ.

ಕೇಳುವುದು

ಪ್ರಶ್ನೆ ಕೇಳದ ಟೀಚರ್ ಯಾರಿದ್ದಾರೆ? ಆದರೆ ಕೇಳಿ ಎಷ್ಟು ಹೊತ್ತು ಕಾಯುತ್ತೀರಿ? 1970ರ ದಶಕದಲ್ಲಿ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣ ಇಟ್ಟುಕೊಂಡು ಅಳೆದು ನೋಡಿದರು. ಸಾಮಾನ್ಯವಾಗಿ ಟೀಚರ್ ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ನಾಳೆಯೇ ಮಾಡಬಹುದಾದ, ಏನೂ ಖರ್ಚಿಲ್ಲದ ಬದಲಾವಣೆ ಇದು. ಆ ಮೂರು ಸೆಕೆಂಡ್ ಎಷ್ಟು ಉದ್ದ ಅಂತ ನಿಂತು ನೋಡಿದಾಗಲೇ ಗೊತ್ತಾಗುವುದು. ನಾನು ಮನಸ್ಸಿನಲ್ಲೇ ಎಣಿಸುತ್ತೇನೆ.

ಇದಕ್ಕೆ ಜೋಡಿ ಮಾತುಕತೆ ಸೇರಿಸಿ. ಮೊದಲು ಒಬ್ಬರೇ ಯೋಚಿಸಿ, ಆಮೇಲೆ ಪಕ್ಕದವರಿಗೆ ಹೇಳಿ, ಆಮೇಲೆ ಕ್ಲಾಸಿಗೆ ಹೇಳಿ. ಫ್ರಾಂಕ್ ಲೈಮನ್ 1981ರಲ್ಲಿ ಇದಕ್ಕೆ ‘ಥಿಂಕ್-ಪೇರ್-ಶೇರ್’ ಅಂತ ಹೆಸರಿಟ್ಟರು. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಎಲ್ಲರೆದುರು ತಪ್ಪು ಹೇಳುವುದೆಂದರೆ ಜೀವ ಹೋದ ಹಾಗೆ. ಪಕ್ಕದವನ ಹತ್ತಿರ ತಪ್ಪು ಹೇಳಿದರೆ ಅಷ್ಟು ನಾಚಿಕೆ ಇಲ್ಲ, ಅಲ್ವಾ?

ಇನ್ನೂ ಒಂದು ಹೆಜ್ಜೆ ಮುಂದಿನದು ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1991ರಲ್ಲಿ ಶುರುಮಾಡಿದ ಕ್ರಮ. ಬೋರ್ಡ್ ಮೇಲೆ ಒಂದು ಪ್ರಶ್ನೆ ಹಾಕಿ. ಉದಾಹರಣೆಗೆ: ಚೆಂಡನ್ನು ನೇರ ಮೇಲಕ್ಕೆ ಎಸೆದಿದ್ದೇವೆ. ಅದು ತುತ್ತತುದಿಯಲ್ಲಿ ಒಂದು ಕ್ಷಣ ನಿಂತಾಗ ಅದರ ಮೇಲೆ ಯಾವ ಬಲ ಇದೆ? ಒಂದು, ಯಾವುದೂ ಇಲ್ಲ. ಎರಡು, ಮೇಲ್ಮುಖ ಬಲ. ಮೂರು, ಕೆಳಮುಖ ಗುರುತ್ವ ಬಲ. ಯಾರೂ ಮಾತಾಡದೆ, ಎದೆಯ ಹತ್ತಿರ ಬೆರಳು ಹಿಡಿದು ಉತ್ತರ ತೋರಿಸಬೇಕು. ಬಹಳ ಜನ ‘ಒಂದು’ ಹಿಡಿಯುತ್ತಾರೆ. ನಿಂತಿದೆ ಅಂದಮೇಲೆ ಬಲ ಎಲ್ಲಿಂದ ಬಂತು ಅನ್ನುವುದು ಅವರ ತರ್ಕ. ಸರಿ ಉತ್ತರ ಮೂರು, ಗುರುತ್ವಕ್ಕೆ ರಜೆ ಇಲ್ಲ. ಆದರೆ ಅದನ್ನು ನೀವು ಹೇಳಬೇಡಿ. ‘ಬೇರೆ ಬೆರಳು ತೋರಿಸಿದವರನ್ನು ಹುಡುಕಿ ಒಪ್ಪಿಸಿ’ ಅಂತ ಎರಡು ನಿಮಿಷ ಬಿಡಿ. ಆಮೇಲೆ ಮತ್ತೆ ಬೆರಳು. ಎರಡನೇ ಸಲ ಬೆರಳುಗಳು ಬದಲಾಗುವುದನ್ನು ನೋಡುವುದೇ ಒಂದು ಮಜಾ.

ಮೊದಲ ಸಲ ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗದಷ್ಟು ಮಕ್ಕಳು ಸರಿ ಹೇಳಿದಾಗ ಇದು ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ಕಡಿಮೆಯಾದರೆ ತಪ್ಪು ತಿಳಿದವರು ತಪ್ಪು ತಿಳಿದವರಿಗೇ ಹೇಳಿಕೊಡುತ್ತಾರೆ, ಹೇಳಿಕೊಡುವುದಕ್ಕೆ ವಾಪಸ್ ಹೋಗಿ. ಎಲ್ಲರಿಗೂ ಗೊತ್ತಿದ್ದರೆ ಮುಂದಕ್ಕೆ ಹೋಗಿ. ತಯಾರಿಯಲ್ಲಿ ಕಷ್ಟದ ಭಾಗ ತಪ್ಪು ಆಯ್ಕೆಗಳನ್ನು ಹುಟ್ಟಿಸುವುದು. ಕಳೆದ ವರ್ಷದ ಉತ್ತರಪತ್ರಿಕೆಗಳಲ್ಲಿ ಮಕ್ಕಳು ಮಾಡಿದ ತಪ್ಪುಗಳನ್ನೇ ಎತ್ತಿಕೊಳ್ಳಿ. ಅದಕ್ಕಿಂತ ಒಳ್ಳೆಯ ಗಣಿ ಇಲ್ಲ.

ಗುಂಪು ಮಾಡುವುದು

ಇದರ ಬಗ್ಗೆ ನನಗೆ ಸ್ವಲ್ಪ ಗುಮಾನಿ, ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಜನರ ಗುಂಪಿಗೆ ಒಂದು ಚಾರ್ಟ್ ಕೊಟ್ಟರೆ ಸಾಮಾನ್ಯವಾಗಿ ಆಗುವುದೇನು? ಒಬ್ಬಳು ಬರೆಯುತ್ತಾಳೆ, ಒಬ್ಬ ಬಣ್ಣ ಹಚ್ಚುತ್ತಾನೆ, ಇನ್ನಿಬ್ಬರು ಕಿಟಕಿ ನೋಡುತ್ತಾರೆ. ಎಲ್ಲರಿಗೂ ಒಂದೇ ಅಂಕ.

ಈ ತೊಂದರೆಗೆ ಒಳ್ಳೆಯ ಮದ್ದು ಎಲಿಯಟ್ ಆರನ್ಸನ್ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಮಾಡಿದ್ದು. ಅಲ್ಲಿನ ಶಾಲೆಗಳಲ್ಲಿ ಕಪ್ಪು, ಬಿಳಿ ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಬಾರಿಗೆ ಒಂದೇ ತರಗತಿಯಲ್ಲಿ ಕೂತಿದ್ದರು. ಜಗಳ ಜೋರಾಗಿತ್ತು. ಆರನ್ಸನ್ ಪಾಠವನ್ನು ತುಂಡುಮಾಡಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ನನ್ನ ತುಂಡು ನಿನ್ನ ಹತ್ತಿರ ಇಲ್ಲ, ಕೊನೆಯಲ್ಲಿ ಪರೀಕ್ಷೆ ಪೂರ್ತಿ ಪಾಠದ ಮೇಲೆ. ಹಾಗಾಗಿ ಒಬ್ಬರ ಮಾತು ಇನ್ನೊಬ್ಬರು ಕೇಳಲೇಬೇಕು. ಚಿತ್ರದ ತುಂಡು ಜೋಡಿಸುವ ಆಟದ ಹಾಗೆ, ಅದಕ್ಕೇ ಜಿಗ್ಸಾ ಅಂತ ಹೆಸರು.

ಸಮಾಜ ವಿಜ್ಞಾನಕ್ಕೆ, ಭಾಷೆಯ ಗದ್ಯಪಾಠಕ್ಕೆ ಚೆನ್ನಾಗಿ ಹೊಂದುತ್ತದೆ. ಗಣಿತದ ಹಾಗೆ ಒಂದರ ಮೇಲೆ ಒಂದು ಕಟ್ಟುವ ವಿಷಯಕ್ಕೆ ಬೇಡ. ಎರಡನೇ ತುಂಡು ಗೊತ್ತಿಲ್ಲದವನಿಗೆ ಮೂರನೆಯದನ್ನು ಹೇಗೆ ವಿವರಿಸುವುದು? ತಯಾರಿ ಜಾಸ್ತಿ, ಓಡಾಟ ಜಾಸ್ತಿ, ಸದ್ದು ಜಾಸ್ತಿ. ಮಕ್ಕಳ ಹೆಸರು ಇನ್ನೂ ಬಾಯಿಗೆ ಬಂದಿಲ್ಲ ಅನ್ನುವ ಹಂತದಲ್ಲಿ ಕೈ ಹಾಕಬೇಡಿ. ಹಾಕಿದರೆ ಎರಡು ನಿಯಮ ಇಟ್ಟುಕೊಳ್ಳಿ. ಗುಂಪು ಮಾಡುವವರು ನೀವು, ಅವರಲ್ಲ. ಅಂಕ ಒಬ್ಬೊಬ್ಬರಿಗೆ, ಗುಂಪಿಗಲ್ಲ.

ಹುಡುಕಿಸುವುದು ಮತ್ತು ಪ್ರಾಜೆಕ್ಟು

ಜಗಳ ಜೋರಾಗಿರುವುದು ಇಲ್ಲೇ. ಪ್ರಾಜೆಕ್ಟ್ ಹೊಸ ಫ್ಯಾಷನ್ ಅಂತ ಅಂದುಕೊಂಡಿದ್ದರೆ, ವಿಲಿಯಂ ಕಿಲ್‌ಪ್ಯಾಟ್ರಿಕ್ ಇದರ ಪರ ವಾದ ಮಾಡಿದ್ದು 1918ರಲ್ಲಿ. ಇನ್ನೊಂದು ಕಡೆ 2006ರಲ್ಲಿ ಪಾಲ್ ಕಿರ್ಶ್ನರ್, ಜಾನ್ ಸ್ವೆಲರ್, ರಿಚರ್ಡ್ ಕ್ಲಾರ್ಕ್ ಮೂವರೂ ಸೇರಿ, ಹೊಸದಾಗಿ ಕಲಿಯುವವರನ್ನು ಮಾರ್ಗದರ್ಶನವಿಲ್ಲದೆ ಬಿಟ್ಟರೆ ಕಲಿಕೆ ಆಗುವುದಿಲ್ಲ ಅಂತ ಖಡಾಖಂಡಿತವಾಗಿ ಬರೆದರು. ನನ್ನ ಮಟ್ಟಿಗೆ ಈ ಜಗಳದ ಗುಟ್ಟೆಲ್ಲ ‘ಮಾರ್ಗದರ್ಶನವಿಲ್ಲದೆ’ ಅನ್ನುವ ಮಾತಿನಲ್ಲಿದೆ.

ಒಂದು ದಾರ, ಒಂದು ಕಲ್ಲು ಸಾಕು. ಕಲ್ಲನ್ನು ದಾರಕ್ಕೆ ಕಟ್ಟಿ ತೂಗುಬಿಡಿ. ‘ಲೋಲಕದ ಬಗ್ಗೆ ಏನಾದರೂ ಕಂಡುಹಿಡಿಯಿರಿ’ ಅಂದರೆ ಹತ್ತು ನಿಮಿಷಕ್ಕೆ ಕಲ್ಲುಗಳು ಗಾಳಿಯಲ್ಲಿರುತ್ತವೆ. ಹಾಗನ್ನದೆ, ಪ್ರಶ್ನೆಯನ್ನು ನೀವೇ ಕೊಡಿ: ಹತ್ತು ಸಲ ತೂಗಲು ಎಷ್ಟು ಸೆಕೆಂಡ್ ಬೇಕು, ಅದನ್ನು ಬದಲಾಯಿಸುವುದು ಕಲ್ಲಿನ ತೂಕವಾ, ದಾರದ ಉದ್ದವಾ? ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪಟ್ಟಿಯ ಕೋಷ್ಟಕವನ್ನೂ ನೀವೇ ಎಳೆದುಕೊಡಿ. ಕಲ್ಲನ್ನು ಜಾಸ್ತಿ ದೂರ ಎಳೆದು ಬಿಡದಂತೆ ಹೇಳಿ. ಭಾರದ ಕಲ್ಲು ಬೇಗ ತೂಗುತ್ತದೆ ಅಂತ ಹೆಚ್ಚಿನವರು ಪಣ ಕಟ್ಟುತ್ತಾರೆ. ಅಂಕಿಗಳು ಬದಲಾಗದೇ ಹೋದಾಗ ‘ಸರಿಯಾಗಿ ಎಣಿಸಿಲ್ಲ ಕಣೋ’ ಅಂತ ಜಗಳ ಶುರುವಾಗುತ್ತದೆ, ಮತ್ತೆ ಅಳೆಯುತ್ತಾರೆ. ದಾರ ಉದ್ದ ಮಾಡಿದ ಕೂಡಲೇ ಸೆಕೆಂಡ್ ಏರುತ್ತದೆ. ನಾನು ಹೇಳಿದ್ದರೆ ಒಂದೇ ಸಾಲು. ಆದರೆ ಆ ಜಗಳ ನಾನು ಹೇಳಿದ್ದರೆ ಆಗುತ್ತಿರಲಿಲ್ಲ.

ಬೆಲೆ? ಒಂದು ಸಾಲಿಗೆ ಒಂದು ಪೀರಿಯಡ್. ಎಲ್ಲ ಪಾಠಕ್ಕೂ ಹೀಗೆ ಮಾಡಿದರೆ ಪೋರ್ಶನ್ ಮುಗಿಯುವುದಿಲ್ಲ. ಮಕ್ಕಳು ಹೋಗಿ ಹೋಗಿ ತಪ್ಪು ತಿಳಿದುಕೊಳ್ಳುವ ಜಾಗಗಳನ್ನು ಮಾತ್ರ ಆರಿಸಿ ಇದಕ್ಕೆ ಮೀಸಲಿಡಿ.

ಪ್ರಾಜೆಕ್ಟ್ ಇದಕ್ಕಿಂತ ದುಬಾರಿ. ವಾರಗಟ್ಟಲೆ ನಡೆಯುತ್ತದೆ, ಸಾಮಾನು ಬೇಕು, ಮನೆಯಲ್ಲಿ ಯಾರು ಮಾಡಿಕೊಟ್ಟರು ಅಂತ ಹೇಳಲಾಗದು. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ನೊರೆ ಉಕ್ಕಿಸುವ ಜ್ವಾಲಾಮುಖಿ ಮಾದರಿ ನೋಡಿರುತ್ತೀರಿ. ನೋಡಲು ಚೆಂದ. ಆದರೆ ಅದು ಆಮ್ಲ ಮತ್ತು ಪ್ರತ್ಯಾಮ್ಲದ ಕ್ರಿಯೆ. ಭೂಮಿಯೊಳಗೆ ಬಂಡೆ ಕರಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮಗು ಕಲಿತದ್ದು ಬಣ್ಣ ಹಚ್ಚುವುದನ್ನು. ಯಾವುದೇ ಪ್ರಾಜೆಕ್ಟ್ ಕೊಡುವ ಮುಂಚೆ ಹೀಗೆ ಕೇಳಿಕೊಳ್ಳಿ: ಇದನ್ನು ಮಾಡುವ ಹೆಚ್ಚಿನ ಹೊತ್ತು ಮಗು ನನ್ನ ವಿಷಯದ ಬಗ್ಗೆ ಯೋಚಿಸುತ್ತದಾ, ಅಂಟು ಕತ್ತರಿಯ ಬಗ್ಗೆ ಯೋಚಿಸುತ್ತದಾ? ಪಾಠ ಕಲಿತು ಮುಗಿದ ಮೇಲೆ, ಕಲಿತದ್ದನ್ನು ಬಳಸಲು ಕೊಟ್ಟರೆ ಪ್ರಾಜೆಕ್ಟ್‌ನಂಥದ್ದು ಇನ್ನೊಂದಿಲ್ಲ. ಕಲಿಯುವುದಕ್ಕೇ ಅದನ್ನು ನೆಚ್ಚಿಕೊಂಡರೆ ಕಷ್ಟ. ಮೊದಲ ವರ್ಷ ಒಂದು ಸಾಕು, ಅದೂ ಶಾಲೆಯಲ್ಲೇ ಮಾಡುವಂಥದ್ದು.

ಮನೆಯಲ್ಲಿ ವಿಡಿಯೊ ನೋಡಿಬಂದು ತರಗತಿಯಲ್ಲಿ ಅಭ್ಯಾಸ ಮಾಡುವ ತಿರುಗುಮುರುಗು ತರಗತಿ ಬಗ್ಗೆಯೂ ಕೇಳುತ್ತಾರೆ. ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ ಎಂಬ ಇಬ್ಬರು ರಸಾಯನಶಾಸ್ತ್ರ ಮೇಷ್ಟ್ರುಗಳು 2007ರಲ್ಲಿ ಇದನ್ನು ಜನಪ್ರಿಯ ಮಾಡಿದರು. ಎಲ್ಲ ಮಕ್ಕಳ ಮನೆಯಲ್ಲೂ ಫೋನ್, ಇಂಟರ್ನೆಟ್, ಕೂತು ನೋಡುವಷ್ಟು ಶಾಂತಿ ಇದ್ದರೆ ಹೈಸ್ಕೂಲಿನ ದೊಡ್ಡ ತರಗತಿಗಳಿಗೆ ಸರಿ. ಅರ್ಧ ಮಕ್ಕಳು ನೋಡದೇ ಬಂದರೆ ನೀವು ಅದನ್ನೇ ಮತ್ತೆ ಹೇಳಬೇಕು. ಎರಡು ಸಲದ ಕೆಲಸ.

ಆಯ್ಕೆಯೇ ಅಲ್ಲದ್ದು

ಒಂದನ್ನು ಮಾತ್ರ ಯಾವ ವಿಧಾನ ಹಿಡಿದರೂ ಬಿಡಬೇಡಿ: ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವ ಅಭ್ಯಾಸ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಪ್ರಯೋಗದಲ್ಲಿ ಕೆಲವರು ಪಾಠವನ್ನು ಮತ್ತೆ ಓದಿದರು, ಕೆಲವರು ಓದಿದ್ದನ್ನು ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದೆ. ಪೀರಿಯಡ್ಡಿನ ಮೊದಲ ನಾಲ್ಕು ನಿಮಿಷ ಮೂರು ಪ್ರಶ್ನೆ ಕೊಡಿ: ಒಂದು ನಿನ್ನೆಯದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು. ಅಂಕ ಬೇಡ. ಅಂಕ ಅಂದ ಕೂಡಲೇ ಪಕ್ಕದವರ ಪುಸ್ತಕಕ್ಕೆ ಕಣ್ಣು ಹೋಗುತ್ತದೆ. ಇದರ ಇನ್ನೊಂದು ಲಾಭ ಯಾರೂ ಹೇಳುವುದಿಲ್ಲ. ಮಕ್ಕಳು ಬರೆಯುವ ಆ ನಾಲ್ಕು ನಿಮಿಷದಲ್ಲಿ ಹಾಜರಿ ಮುಗಿಯುತ್ತದೆ.

ಹಾಗಾದರೆ ನಿಮಗೆ ಯಾವುದು?

ಅರವತ್ತು ಮಕ್ಕಳು, ಅಲುಗಾಡಲು ಜಾಗವಿಲ್ಲದ ಬೆಂಚು, ದಿನಕ್ಕೆ ಐದಾರು ಪೀರಿಯಡ್: ಹೇಳಿಕೊಡುವುದು ಮತ್ತು ಬೆರಳು ತೋರಿಸುವ ಪ್ರಶ್ನೆ. ಮೊದಲ ವರ್ಷ ಇಷ್ಟನ್ನೇ ಚೆನ್ನಾಗಿ ಮಾಡಿದರೆ ನೀವು ಸೋತವರಲ್ಲ. ಇಪ್ಪತ್ತೈದು ಮಕ್ಕಳು, ವಿಜ್ಞಾನ: ಹೇಳಿಕೊಡುವುದರ ಜೊತೆಗೆ ಎರಡು ವಾರಕ್ಕೊಮ್ಮೆ ಲೋಲಕದಂಥ ಕಟ್ಟುನಿಟ್ಟಾದ ಹುಡುಕಾಟ. ಭಾಷೆ ಕಲಿಸುವವರಾದರೆ ವ್ಯಾಕರಣಕ್ಕೆ ಹೇಳಿಕೊಡುವುದು, ಗದ್ಯಪದ್ಯಕ್ಕೆ ಜೋಡಿ ಮಾತುಕತೆ. ಎರಡಕ್ಕೂ ಒಂದೇ ವಿಧಾನ ಹಿಡಿದರೆ ಒಂದು ಕೆಡುತ್ತದೆ.

ಪಬ್ಲಿಕ್ ಪರೀಕ್ಷೆಯ ವರ್ಷದ ತರಗತಿ ಸಿಕ್ಕಿದ್ದರೆ ನೆನಪಿಸಿಕೊಳ್ಳುವ ಅಭ್ಯಾಸಕ್ಕೆ ಜಾಸ್ತಿ ಹೊತ್ತು ಕೊಡಿ, ಪ್ರಾಜೆಕ್ಟ್ ಆಸೆಯನ್ನು ಕೆಳಗಿನ ತರಗತಿಗೆ ಎತ್ತಿಡಿ. ಗಲಾಟೆ ತರಗತಿ ಅಂತ ಹೆಸರಾಗಿದ್ದರೆ ಗುಂಪು ಕೆಲಸವನ್ನು ಮೊದಲ ಮೂರು ತಿಂಗಳು ಮುಟ್ಟಬೇಡಿ. ‘ಅವರಿಗೆ ಚಟುವಟಿಕೆ ಕೊಟ್ಟರೆ ಸರಿಹೋಗ್ತಾರೆ’ ಅಂತ ಯಾರಾದರೂ ಹೇಳಿದರೆ, ನೀವೇ ಒಂದು ಪೀರಿಯಡ್ ಬಂದು ಮಾಡಿ ತೋರಿಸಿ ಅಂತ ನಗುತ್ತಾ ಕೇಳಿ. ಒಂದೇ ತರಗತಿಯಲ್ಲಿ ತೀರಾ ಮುಂದಿರುವವರೂ ತೀರಾ ಹಿಂದಿರುವವರೂ ಇದ್ದರೆ ಪಾಠ ಎಲ್ಲರಿಗೂ ಒಂದೇ ಇರಲಿ, ಅಭ್ಯಾಸ ಬೇರೆ ಬೇರೆ. ಪಾಠ ಅರ್ಥವಾದವರಿಗೆ ಕಷ್ಟದ ಒಂದು ಲೆಕ್ಕ ಕೊಟ್ಟು ಬಿಡಿ, ಅರ್ಥವಾಗದವರನ್ನು ಹತ್ತಿರ ಕೂರಿಸಿಕೊಂಡು ಮತ್ತೊಂದು ಸಲ ಒಟ್ಟಿಗೆ ಮಾಡಿ.

ಇಷ್ಟಾದ ಮೇಲೂ ನಾಳೆಗೆ ಯಾವುದು ಅಂತ ಅನುಮಾನವಿದ್ದರೆ ಇವತ್ತಿನ ಪೀರಿಯಡ್ಡಿನ ಕೊನೆಯ ಮೂರು ನಿಮಿಷ ಉಳಿಸಿಕೊಳ್ಳಿ. ಒಬ್ಬೊಬ್ಬರಿಗೂ ಒಂದು ಚೀಟಿ, ಒಂದೇ ಲೆಕ್ಕ ಅಥವಾ ಒಂದೇ ಪ್ರಶ್ನೆ. ಬಾಗಿಲಲ್ಲಿ ನಿಂತು ಚೀಟಿ ಇಸ್ಕೊಂಡು ಕಳಿಸಿ. ಸ್ಟಾಫ್ ರೂಮಿನಲ್ಲಿ ಕೂತು ಸರಿ, ತಪ್ಪು ಅಂತ ಎರಡು ರಾಶಿ ಮಾಡಿ. ತಿದ್ದುವುದು ಬೇಡ, ಹತ್ತು ನಿಮಿಷದ ಕೆಲಸ. ತಪ್ಪಿನ ರಾಶಿ ದೊಡ್ಡದಿದ್ದರೆ ನಾಳೆ ಬೇರೆ ಉದಾಹರಣೆ ಹಿಡಿದು ಮತ್ತೆ ಹೇಳಿಕೊಡಿ. ಎರಡೂ ಹೆಚ್ಚುಕಡಿಮೆ ಸಮ ಇದ್ದರೆ, ತಪ್ಪಿನ ರಾಶಿಯಲ್ಲಿ ಪದೇ ಪದೇ ಕಾಣುವ ಉತ್ತರವನ್ನೇ ಆಯ್ಕೆಯಾಗಿ ಹಾಕಿ ಬೆರಳು ಎತ್ತಿಸಿ. ಹೆಚ್ಚಿನವರದು ಸರಿ ಇದ್ದರೆ ನೀವು ಹೇಳುವುದು ಮುಗಿಯಿತು, ದಾರ ಕಲ್ಲು ತಗೊಂಡು ಹೋಗಿ.